ಗರಾಜ್ ಬಾಗಿಲಿನಿಂದ ಬರುವವರು

ಶಿಕಾಗೊ ಹತ್ತಿರದ ನೇಪರ್‌ವಿಲ್‌ನ ನಮ್ಮ ಮನೆಗೆ ಎರಡು ಬಾಗಿಲು. ಮುಂಬಾಗಿಲು ನೆಂಟರಿಷ್ಟರಿಗೆ. ಸತ್ಯನಾರಾಯಣ ಪೂಜೆಗೆ ಬರುವವರು, ಮಕ್ಕಳ ಹುಟ್ಟುಹಬ್ಬಕ್ಕೆ ಬರುವವರು, ಪಾರ್ಸೆಲ್ ತಂದಿಟ್ಟು ಹೋಗುವವರು, ಎಲ್ಲರೂ ಅಲ್ಲೇ ಬೆಲ್ ಮಾಡುತ್ತಾರೆ. ಮನೆಯವರು ಮಾತ್ರ ಗರಾಜ್ ಬಾಗಿಲಿನಿಂದ. ಗೋಡೆಯ ಮೇಲಿರುವ ಗುಂಡಿಗಳಲ್ಲಿ ಕೋಡ್ ಒತ್ತಬೇಕು, ಬಾಗಿಲು ಗರಗರ ಎನ್ನುತ್ತ ಮೇಲೇಳಬೇಕು, ಎರಡು ಕಾರುಗಳ ನಡುವೆ ಓರೆಯಾಗಿ ನುಸುಳಬೇಕು, ಚಪ್ಪಲಿ ರಾಶಿ ದಾಟಿದರೆ ನೇರ ಅಡುಗೆಮನೆ. ನಮ್ಮ ಬಡಾವಣೆಯಲ್ಲಿ ನಮ್ಮ ಕಡೆಯವರ ಯಾವ ಮನೆ ನೋಡಿದರೂ ಇದೇ ಪದ್ಧತಿ. ಯಾರೂ ಕೂತು ಮಾಡಿದ ನಿಯಮವಲ್ಲ. ಯಾರಾದರೂ ನಿಮಗೆ ಅವರ ಗರಾಜಿನ ಕೋಡ್ ಹೇಳಿದರು ಅಂದರೆ ಇನ್ನು ಮೇಲೆ ನೀವು ಆ ಮನೆಯವರು, ಅಷ್ಟೇ.

ನನ್ನ ಓರಗಿತ್ತಿ, ಅಂದರೆ ನನ್ನ ಗಂಡನ ತಮ್ಮನ ಹೆಂಡತಿ, ತನ್ನ ಮಗಳನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದು ಸೇರಿದ ದಿನ ನಮ್ಮ ಯಜಮಾನರು ಸಾಮಾನು ಇಳಿಸುವುದಕ್ಕೂ ಮುಂಚೆ ಮಾಡಿದ ಕೆಲಸ ಗರಾಜಿನ ಕೋಡ್ ಬದಲಾಯಿಸಿದ್ದು. ಹುಡುಗಿಯ ಹುಟ್ಟಿದ ದಿನವನ್ನೇ ಕೋಡ್ ಮಾಡಿದರು.

"ಇದನ್ನಂತೂ ಮರೆಯಲ್ಲ ತಾನೆ ನೀನು?" ಅಂತ ಕೇಳಿದರು.

"ದಟ್ಸ್ ನಾಟ್ ವೆರಿ ಸೆಕ್ಯೂರ್, ದೊಡ್ಡಪ್ಪ," ಅಂದಳು ಅವಳು. ಹದಿನೈದು ವರ್ಷದ ಹುಡುಗಿ. ಅಪ್ಪ ಹೋದಮೇಲೆ ಅವಳ ಮುಖದಲ್ಲಿ ನಗು ಅನ್ನುವಂಥದ್ದು ಕಂಡಿದ್ದು ಆವತ್ತೇ ಮೊದಲು.

ನನ್ನ ಮೈದುನ ಮಿಷಿಗನ್‌ನ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಒಂದು ಕಾರ್ ಫ್ಯಾಕ್ಟರಿಯಲ್ಲಿ ಎಂಜಿನಿಯರ್ ಆಗಿದ್ದ. ಒಂದು ಬೆಳಗ್ಗೆ ಕೆಲಸಕ್ಕೆ ಹೋದವನು ಪಾರ್ಕಿಂಗ್ ಲಾಟ್‌ನಲ್ಲಿ ಕಾರು ನಿಲ್ಲಿಸಿದ, ಇಳಿಯಲಿಲ್ಲ. ಹೃದಯ ನಿಂತಿತ್ತು. ಅದಕ್ಕಿಂತ ಹೆಚ್ಚು ನನಗೆ ಹೇಳಲು ಆಗುವುದಿಲ್ಲ, ಹೇಳುವುದೂ ಇಲ್ಲ. ಅವನು ನನ್ನನ್ನು ಅತ್ತಿಗೆ ಅಂತ ಕರೆಯುತ್ತಲೇ ಇರಲಿಲ್ಲ, 'ಹೆಡ್ ಆಫೀಸ್' ಅನ್ನುತ್ತಿದ್ದ. ಫೋನ್ ಮಾಡಿದಾಗಲೆಲ್ಲ ಅಣ್ಣನಿಗೆ, "ಹೆಡ್ ಆಫೀಸ್ ಮೂಡ್ ಹೇಗಿದೆ ಇವತ್ತು?" ಅಂತ ಕೇಳುತ್ತಿದ್ದ. ನನ್ನ ಬಾಯಿ ಸ್ವಲ್ಪ ಜೋರು, ಊರಿಗೆಲ್ಲ ಗೊತ್ತು.

ಓರಗಿತ್ತಿ ಧಾರವಾಡದವಳು, ಮೆತ್ತಗಿನ ಮಾತು. ಇಲ್ಲಿಗೆ ಬಂದ ಮೇಲೆ ಒಂದು ಡೇಕೇರ್‌ನಲ್ಲಿ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಹಿಡಿದಳು. ಮೊದಲ ಸಂಬಳ ಬಂದ ದಿನ ಅಡುಗೆಮನೆಯಲ್ಲಿ ನನ್ನ ಮುಂದೆ ಒಂದು ಕವರ್ ಇಟ್ಟಳು.

"ಅಕ್ಕಾರ, ಮನೀ ಖರ್ಚಿಗೆ ಇದೊಂದಿಷ್ಟು ಇಟಗೋರಿ."

ನನಗೆ ಎಲ್ಲಿತ್ತೋ ಸಿಟ್ಟು. "ತಲೆ ನೆಟ್ಟಗಿದೆಯೇನೇ ನಿಂಗೆ? ಯಾರಿಗೆ ಕೊಡ್ತಿದೀಯ ಇದನ್ನ? ಇನ್ನೊಂದ್ಸಲ ಈ ಕವರ್ ಕಣ್ಣಿಗೆ ಬಿತ್ತೋ, ಒಲೆಗೆ ಹಾಕಿಬಿಡ್ತೀನಿ!" ಅಂದೆ. ಅವಳ ಕಣ್ಣು ತುಂಬಿತು. ನಾನು ಕವರನ್ನು ಅವಳ ಬ್ಯಾಗಿಗೇ ತುರುಕಿದೆ. ಮತ್ತೆ ಅವಳು ಆ ಮಾತು ಎತ್ತಲಿಲ್ಲ. ಅದರ ಬದಲು ಶನಿವಾರ ಭಾನುವಾರ ಜೋಳದ ರೊಟ್ಟಿ ಬಡಿಯಲು ಶುರು ಮಾಡಿದಳು. ಮೈಸೂರಿನ ನಮಗೆ ರೊಟ್ಟಿ ಎಲ್ಲಿ ಅಭ್ಯಾಸ. ಆದರೆ ನಮ್ಮವರು ವಾರದ ನಡುವೆಯೂ, "ಇವತ್ತು ರೊಟ್ಟಿ ಇಲ್ವಾ?" ಅಂತ ಕೇಳುವಷ್ಟು ಒಗ್ಗಿಹೋದರು. ಸಾರಿಗೆ ಬೆಲ್ಲ ಹಾಕಬೇಕೋ ಬೇಡವೋ ಅಂತ ಅವಳಿಗೂ ನನಗೂ ಮುಗಿಯದ ಜಗಳ. ಅವಳು ನೋಡದಾಗ ನಾನು ಹಾಕುತ್ತಿದ್ದೆ, ಅವಳು ಬಾಯಿಗಿಟ್ಟ ತಕ್ಷಣ ಹಿಡಿಯುತ್ತಿದ್ದಳು.

ಹೀಗೆ ಮೂರು ವರ್ಷ ನಡೆಯಿತು. ನನ್ನ ಮಗ ಕಾಲೇಜಿಗೆ ಅಂತ ಬೇರೆ ಊರಿಗೆ ಹೋದ, ಅವನ ಕೋಣೆಯನ್ನು ಹುಡುಗಿ ಹಿಡಿದಳು. ಹೈಸ್ಕೂಲಿನ ಕೊನೆಯ ವರ್ಷ ಅವಳಿಗೆ ಮಿಷಿಗನ್‌ನ ಆನ್ ಆರ್ಬರ್ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತು. ಬೇರೆಲ್ಲೂ ಅವಳಿಗೆ ಮನಸ್ಸೇ ಇರಲಿಲ್ಲ. ಸ್ಟರ್ಲಿಂಗ್ ಹೈಟ್ಸ್‌ನಿಂದ ಅಲ್ಲಿಗೆ ಒಂದು ಗಂಟೆಯ ದಾರಿ, ಎಲೆಗಳು ಬಣ್ಣ ತಿರುಗುವ ಕಾಲಕ್ಕೆ ಪ್ರತಿ ವರ್ಷ ಅವಳಪ್ಪ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಒಂದು ಸುತ್ತು ನಡೆಸಿ, ಬಿಸಿ ಚಾಕೊಲೇಟ್ ಕುಡಿಸಿ, "ಇಲ್ಲೇ ಓದಬೇಕು ನೀನು, ಓಕೆ?" ಅನ್ನುತ್ತಿದ್ದನಂತೆ. ಆದರೆ ನಮ್ಮಲ್ಲಿಗೆ ಬಂದ ಮೇಲೆ ಈಗ ಅವಳು ಬೇರೆ ರಾಜ್ಯದ ಹುಡುಗಿ. ಬೇರೆ ರಾಜ್ಯದವರಿಗೆ ಅಲ್ಲಿ ಫೀಸು ವಿಪರೀತ. ಅದೇ ಚಳಿಗಾಲದಲ್ಲಿ ನಮ್ಮವರ ಐಟಿ ಕೆಲಸವೂ ಹೋಗಿತ್ತು. ಮಗನ ಕಾಲೇಜು, ಮನೆಯ ಸಾಲ, ಎರಡೂ ತಲೆ ಮೇಲೆ.

ಆಗ ಅವಳ ಶಾಲೆಯವರು ಒಂದು ಸ್ಕಾಲರ್‌ಶಿಪ್ ತೋರಿಸಿಕೊಟ್ಟರು. ಡೆಟ್ರಾಯಿಟ್ ಸುತ್ತಮುತ್ತ ಕಾರ್ ಫ್ಯಾಕ್ಟರಿಗಳಲ್ಲಿ ಕೆಲಸ ಮಾಡಿ ತೀರಿಕೊಂಡವರ ಮಕ್ಕಳಿಗೆ ಅಂತ ಒಂದು ಟ್ರಸ್ಟ್ ಇತ್ತು. ಆಯ್ಕೆಯಾದರೆ ನಾಲ್ಕು ವರ್ಷದ ಫೀಸು, ಊಟ, ಹಾಸ್ಟೆಲು ಎಲ್ಲ ಅವರದೇ. ಒಂದೇ ಷರತ್ತು, ಕುಟುಂಬದ ಆದಾಯ ಇಷ್ಟಕ್ಕಿಂತ ಹೆಚ್ಚಿರಬಾರದು. ಡೇಕೇರ್ ಸಂಬಳ ಆ ಮಿತಿಯ ಹತ್ತಿರಕ್ಕೂ ಬರುವುದಿಲ್ಲ. ಹುಡುಗಿ ಅಪ್ಲೈ ಮಾಡಿದಳು, ಬರೆದಳು, ಇಂಟರ್‌ವ್ಯೂ ಕೊಟ್ಟಳು, ಕೊನೆಯ ಸುತ್ತಿಗೂ ಬಂದಳು. ಇನ್ನು ಉಳಿದಿದ್ದು ಟ್ರಸ್ಟಿನವರು ಒಂದು ಸಲ ಮನೆಗೆ ಬಂದು ನೋಡಿಕೊಂಡು ಹೋಗುವುದು ಮಾತ್ರ.

ಬಂದಾಕೆ ಐವತ್ತು ದಾಟಿದ, ನಗುಮುಖದ ಹೆಂಗಸು. ಮುಂಬಾಗಿಲಲ್ಲಿ ಬೆಲ್ ಮಾಡಿ, ಹೇಳುವ ಮುಂಚೆಯೇ ಶೂ ಬಿಚ್ಚಿದಳು. ನಮ್ಮವರಿಗೆ ಅಷ್ಟೇ ಸಾಕಾಯಿತು, ಉಬ್ಬಿಹೋದರು. ಮನೆಯೆಲ್ಲ ತೋರಿಸಿದರು. ಗೋಡೆಯ ಮೇಲಿದ್ದ ತಮ್ಮನ ಫೋಟೊ ತೋರಿಸಿದರು. ನಾನು, ಓರಗಿತ್ತಿ ಸೇರಿ ಅಡುಗೆ ಮಾಡಿದ್ದೆವು. ಬಂದವರಿಗೆ ಬರೀ ಕಾಫಿ ಕೊಟ್ಟು ಕಳಿಸುವುದು ಹೇಗೆ? ಆಕೆ ರೊಟ್ಟಿ ಎಣ್ಣೆಗಾಯಿ ಚಪ್ಪರಿಸಿಕೊಂಡು ತಿಂದು, ನಡುನಡುವೆ ಒಂದೊಂದು ಪ್ರಶ್ನೆ ಕೇಳಿದಳು.

ಇವರು ನಿಮ್ಮ ಜೊತೆಯಲ್ಲೇ ಇರುತ್ತಾರಾ? ಹೌದು. ಅಡುಗೆ ಒಟ್ಟಿಗೇನಾ? ಹೌದು. ಬಾಡಿಗೆ ಏನಾದರೂ ಕೊಡುತ್ತಾರಾ?

"ರೆಂಟ್!" ನಮ್ಮವರು ಕೂತಲ್ಲೇ ನೆಟ್ಟಗಾದರು. "ಮ್ಯಾಡಂ, ಷಿ ಈಸ್ ಮೈ ಬ್ರದರ್ಸ್ ವೈಫ್. ವಿ ಆರ್ ಒನ್ ಫ್ಯಾಮಿಲಿ. ಈ ಹುಡುಗಿ ನನ್ನ ಮಗಳು." ಹುಡುಗಿಯ ತಲೆಯ ಮೇಲೆ ಕೈಯಿಟ್ಟು, ಅವಳಿಗೇನು ಬೇಕೋ ಎಲ್ಲ ನಾನೇ ನೋಡಿಕೊಳ್ಳುತ್ತೇನೆ, ಇವತ್ತಿನವರೆಗೆ ಇವರಮ್ಮನಿಂದ ಒಂದು ಡಾಲರ್ ಮುಟ್ಟಿಲ್ಲ, ಮುಟ್ಟುವುದೂ ಇಲ್ಲ ಅಂತ ಇಂಗ್ಲಿಷಿನಲ್ಲಿ ವಿವರವಾಗಿ ಹೇಳಿದರು. ನಾನೂ ಪಕ್ಕದಲ್ಲಿ ನಿಂತು ತಲೆಯಾಡಿಸಿದೆ. ಯಾಕೆ ಆಡಿಸಬಾರದು? ನಮ್ಮ ಕಡೆ ಸಂಬಂಧ ಕೇಳಿಕೊಂಡು ಮನೆಗೆ ಬಂದವರ ಮುಂದೆ ಹೇಳಬೇಕಾದ್ದು ಇದೇ ತಾನೆ. ಒಳ್ಳೇ ಮನೆ, ಒಗ್ಗಟ್ಟಿನ ಮನೆ, ವಿಧವೆ ಅಂತ ಯಾರೂ ಮೂಲೆಗೆ ತಳ್ಳಿಲ್ಲ. ಇದನ್ನು ಕೇಳಿದ ಮೇಲೆ ಯಾವ ಪುಣ್ಯಾತ್ಮರು ಇಲ್ಲ ಅನ್ನುತ್ತಾರೆ ಅಂತ ನಮ್ಮ ಎಣಿಕೆ.

ಆಕೆ ನನ್ನ ಕೈಹಿಡಿದು, ಇಂಥ ಕುಟುಂಬ ನಾನು ನೋಡಿಲ್ಲ ಅಂದಳು. ಅವಳ ಕಾರು ತಿರುವು ದಾಟುವವರೆಗೂ ನಾವು ಸಾಲಾಗಿ ನಿಂತು ಕೈಬೀಸಿದೆವು. "ಸಿಕ್ಕಿದ ಹಾಗೇ ಬಿಡು," ಅಂದರು ನಮ್ಮವರು.

ಎರಡು ವಾರಕ್ಕೆ ಉತ್ತರ ಬಂತು. ಇಲ್ಲ. ಈ ಹುಡುಗಿಯ ಕುಟುಂಬ ಒಂದೇ ಮನೆಯಲ್ಲಿ ಒಂದೇ ಸಂಸಾರವಾಗಿ ಬದುಕುತ್ತಿದೆ, ದೊಡ್ಡಪ್ಪನೇ ಅವಳನ್ನು ಸಾಕುತ್ತಿದ್ದಾರೆ. ಆದ್ದರಿಂದ ಅವರ ಹೋದ ವರ್ಷದ ಆದಾಯ, ಅಂದರೆ ಕೆಲಸ ಹೋಗುವುದಕ್ಕೆ ಮುಂಚಿನದು, ಅದನ್ನೂ ಸೇರಿಸಿ ಲೆಕ್ಕ ಹಾಕಿದ್ದೇವೆ. ಮಿತಿ ದಾಟುತ್ತದೆ.

ನಮ್ಮವರು ಅದನ್ನು ಓದಿ ಕೆಳಗಿಟ್ಟವರು ಆವತ್ತು ಊಟಕ್ಕೆ ಬರಲಿಲ್ಲ. ಕರೆಯಲು ಹೋದರೆ, ಗರಾಜಿನಲ್ಲಿ ಕಾರಿನೊಳಗೆ ಸುಮ್ಮನೆ ಕೂತಿದ್ದರು. "ನನ್ನ ಬಾಯಿಂದ್ಲೇ ಮಗೂ ಓದಿಗೆ ಕಲ್ಲು ಹಾಕಿದೆನಲ್ಲೇ," ಅಂದರು. ನಾನು ಒಳಗೆ ಬಂದೆ. ಪ್ರೀತಿಯಿಂದ ಇಟ್ಟುಕೊಂಡರೆ ಅದೂ ತಪ್ಪೇ? ಬೀದಿಗೆ ನೂಕಿದ್ದರೆ ಕೊಡುತ್ತಿದ್ದರೇ? ಇದ್ಯಾವ ಸೀಮೆ ನ್ಯಾಯ ಅಂತ ಗೋಡೆಗಳಿಗೆಲ್ಲ ಕೇಳುವಂತೆ ಕೂಗಾಡಿದೆ. ಓರಗಿತ್ತಿ ಮಾತ್ರ, "ಇರ್ಲಿ ಬಿಡ್ರಿ ಅಕ್ಕಾರ, ಇಲ್ಲೇ ಕಮ್ಯುನಿಟಿ ಕಾಲೇಜಿನ್ಯಾಗ ಓದತಾಳ," ಅಂದಳು. ಹುಡುಗಿ "ಇಟ್ಸ್ ಫೈನ್" ಅಂತ ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳು ಇಟ್ಸ್ ಫೈನ್ ಅಂದಾಗಲೆಲ್ಲ ಏನೂ ಫೈನ್ ಇರುವುದಿಲ್ಲ.

ಬಿಡುವವಳಲ್ಲ ನಾನು. ನಮ್ಮ ಸ್ನೇಹಿತರೊಬ್ಬರ ಮಗಳು ಶಿಕಾಗೊ ಡೌನ್‌ಟೌನ್‌ನಲ್ಲಿ ವಕೀಲೆ. ಇಲ್ಲೇ ಹುಟ್ಟಿ ಬೆಳೆದವಳು, ಆದರೂ ಕನ್ನಡ ಚೆನ್ನಾಗಿ ಆಡುತ್ತಾಳೆ. ಅವಳನ್ನು ಕರೆಸಿದೆ. ಎಲ್ಲ ಕೇಳಿಸಿಕೊಂಡು ವಕೀಲೆ ಒಂದು ಪ್ರಶ್ನೆ ಹಾಕಿದಳು. "ಆಂಟಿ, ಅವರು ಯಾವತ್ತಾದ್ರೂ ದುಡ್ಡು ಕೊಟ್ಟಿದ್ರಾ? ಗ್ರೋಸರಿಗೆ, ಯಾವುದಕ್ಕಾದ್ರೂ?"

"ಕೊಡಕ್ಕೆ ಬಂದಿದ್ಲು. ನಾನು ಬೈದು ವಾಪಸ್ ಕಳಿಸ್ದೆ."

"ಅಯ್ಯೋ ಆಂಟಿ. ತಗೊಂಡಿದ್ರೆ ಚೆನ್ನಾಗಿರ್ತಿತ್ತು."

ಕಾನೂನು ನಮ್ಮ ಕಡೆಗೇ ಇದೆ ಅಂತ ಅವಳ ವಾದ. ಈ ದೇಶದಲ್ಲಿ ದೊಡ್ಡಪ್ಪ ತಮ್ಮನ ಮಗಳನ್ನು ಓದಿಸಲೇಬೇಕು ಅಂತ ಎಲ್ಲೂ ಇಲ್ಲ. ದತ್ತು ತೆಗೆದುಕೊಂಡಿಲ್ಲ. ಟ್ಯಾಕ್ಸ್ ಕಟ್ಟುವಾಗ ತಾಯಿ ಮಗಳು ಬೇರೆ, ನಾವು ಬೇರೆ. ಟ್ರಸ್ಟಿಗೆ ನೋಟಿಸ್ ಕಳಿಸಿದಳು. ಅವರ ವಕೀಲರು ಒಂದಷ್ಟು ಎಳೆದಾಡಿ, ಕೊನೆಗೆ ಒಬ್ಬ ನಿವೃತ್ತ ಜಡ್ಜ್ ಮುಂದೆ ಎರಡೂ ಕಡೆಯವರು ಕೂತು ವಿಚಾರಣೆ ಮಾಡಿಸುವುದು, ಅವರು ಹೇಳಿದ್ದಕ್ಕೆ ಒಪ್ಪುವುದು ಅಂತ ತೀರ್ಮಾನವಾಯಿತು. ತೀರ್ಪು ನಿಂತಿದ್ದು ಒಂದೇ ಮಾತಿನ ಮೇಲೆ: ನಮ್ಮ ಸೂರಿನ ಕೆಳಗೆ ಇರುವುದು ಒಂದು ಕುಟುಂಬವೋ, ಎರಡೋ.

"ಸಾಕ್ಷಿಗೆ ಅಂಕಲ್ ಬೇಡ," ಅಂದಳು ವಕೀಲೆ. "ಅವರು ಅತ್ತುಬಿಡ್ತಾರೆ. ಕೇಸ್ ಅಲ್ಲೇ ಮುಗಿಯುತ್ತೆ. ನೀವು ಬನ್ನಿ ಆಂಟಿ. ನೀವು ಸ್ಟ್ರಾಂಗ್."

ಸ್ಟ್ರಾಂಗ್ ಅಂತೆ. ನನ್ನ ಬಾಯಿ ಕಡೆಗೂ ಉಪಯೋಗಕ್ಕೆ ಬಂತು.

ನಮ್ಮ ಊಟದ ಮೇಜಿನಲ್ಲೇ ಅಭ್ಯಾಸ ಮಾಡಿಸಿದಳು. ಓರಗಿತ್ತಿ ಸಿಂಕಿನ ಹತ್ತಿರ ಅಕ್ಕಿ ತೊಳೆಯುತ್ತಿದ್ದಳು.

"ಅವರು ಬರೋಕೆ ಬೇರೆ ಬಾಗಿಲು ಇದೆಯಾ?"

"ಗರಾಜ್ ಬಾಗಿಲಿದೆಯಲ್ಲಮ್ಮ."

"ಅದು ಎಲ್ಲರದೂ ಅಲ್ವಾ ಆಂಟಿ. ಸರಿ ಬಿಡಿ. ಅವರನ್ನ ನಿಮ್ಮ ಫ್ಯಾಮಿಲಿ ಅಂತ ನೀವು ಅಂದುಕೊಂಡಿದೀರಾ?"

"ಮತ್ತಿನ್ನೇನು!" ಅಂದುಬಿಟ್ಟೆ.

ವಕೀಲೆ ಪೆನ್ನು ಕೆಳಗಿಟ್ಟಳು. "ನಾನು ಸುಳ್ಳು ಹೇಳಿ ಅಂತಿಲ್ಲ. ಯಾರ ಫೀಸ್ ಯಾರು ಕಟ್ಟಬೇಕು ಅನ್ನೋದಷ್ಟೇ ಅಲ್ಲಿರೋ ಪ್ರಶ್ನೆ. ಆ ಲೆಕ್ಕದಲ್ಲಿ ನಿಮ್ಮ ಉತ್ತರ 'ಇಲ್ಲ'. ಒಂದೇ ಮಾತು. ಆಮೇಲೆ ವಿವರಿಸೋಕೆ ಹೋಗಬೇಡಿ."

ಅಕ್ಕಿ ತೊಳೆಯುವ ಸದ್ದು ನಿಂತಿತ್ತು. ಆಮೇಲೆ ಮತ್ತೆ ನಲ್ಲಿ ತಿರುಗಿಸಿದ ಸದ್ದು ಬಂತು.

ವಿಚಾರಣೆ ಇದ್ದಿದ್ದು ಡಿಯರ್‌ಬಾರ್ನ್‌ನ ಒಂದು ಆಫೀಸ್ ಕಟ್ಟಡದಲ್ಲಿ. ಇಲ್ಲಿಂದ ಸುಮಾರು ಐದು ಗಂಟೆಯ ಡ್ರೈವ್. ಎರಡು ಸಂಸಾರ ಅಂತ ಹೇಳಿಕೊಂಡು ಒಂದೇ ಕಾರಿನಿಂದ ಇಳಿದರೆ ಏನು ಚೆಂದ ಅಂತ ನಾನೇ ಬುದ್ಧಿ ಓಡಿಸಿ ಎರಡು ಕಾರು ತೆಗೆಸಿದೆ. ಒಂದೇ ಗರಾಜಿನಿಂದ ಹಿಂದೆ ಮುಂದೆ ಹೊರಟೆವು. ಮುಂದೆ ತಾಯಿ ಮಗಳು, ಹಿಂದೆ ನಾವಿಬ್ಬರು. ಲೇನ್ ಬದಲಾಯಿಸಿದಾಗಲೆಲ್ಲ ಓರಗಿತ್ತಿ ನಮಗಾಗಿ ಕಾಯುತ್ತಿದ್ದಳು. ಊಟದ ಡಬ್ಬಿಗಳು ಅವಳ ಕಾರಿನಲ್ಲಿ, ತಟ್ಟೆ ಚಮಚ ನಮ್ಮ ಕಾರಿನಲ್ಲಿ. ಬುದ್ಧಿವಂತಿಕೆ ಅಷ್ಟಕ್ಕೇ ಮುಗಿದಿತ್ತು. ಸ್ಟರ್ಲಿಂಗ್ ಹೈಟ್ಸ್‌ಗೆ ಹೋಗುವ ಬೋರ್ಡ್ ಕಂಡಾಗ ನಮ್ಮವರು ಅದನ್ನು ಗಟ್ಟಿಯಾಗಿ ಓದಿದರು.

ಜಡ್ಜ್ ವಯಸ್ಸಾದವರು, ಮೆಲುದನಿ. ಬೆದರಿಸುವಂಥದ್ದು ಅಲ್ಲೇನೂ ಇರಲಿಲ್ಲ, ಉದ್ದದ ಒಂದು ಮೇಜು, ನೀರಿನ ಬಾಟಲಿಗಳು. ನನ್ನಿಂದ ಪ್ರಮಾಣ ಮಾಡಿಸಿದರು. ಟ್ರಸ್ಟಿನ ವಕೀಲ ಹುಡುಗನ ಹಾಗಿದ್ದ, ಮರ್ಯಾದೆಯಿಂದಲೇ ಕೇಳಿದ. ಇವರ ಫೀಸು ಕಟ್ಟುವ ಹೊಣೆ ನಿಮಗಿದೆಯೇ? ಇಲ್ಲ. ಅವರ ಟ್ಯಾಕ್ಸ್ ನಿಮ್ಮ ಜೊತೆಗಾ? ಇಲ್ಲ. ನಿಮ್ಮ ಯಜಮಾನರು ಈ ಹುಡುಗಿ ನನ್ನ ಮಗಳು ಅಂದಿದ್ದಾರಲ್ಲ? ತಮ್ಮನನ್ನು ಕಳೆದುಕೊಂಡ ದುಃಖದಲ್ಲಿ ಅಂದಿದ್ದು. ಇದನ್ನು ವಕೀಲೆ ಹೇಳಿಕೊಟ್ಟಿರಲಿಲ್ಲ, ನಾನೇ ಹೇಳಿದೆ. ನನ್ನ ಗಂಡ ತಲೆ ತಗ್ಗಿಸಿದರು.

ಆ ವಕೀಲ ಕೂತ. ಆಮೇಲೆ ಜಡ್ಜ್ ಕನ್ನಡಕ ತೆಗೆದು, ಇನ್ನೊಂದೇ ಪ್ರಶ್ನೆ ನನ್ನದು ಅಂದರು. "ಮ್ಯಾಡಂ, ಈ ಇಬ್ಬರನ್ನು ನೀವು ನಿಮ್ಮ ಕುಟುಂಬದವರು ಅಂತ ಎಣಿಸುತ್ತೀರಾ?"

ಓರಗಿತ್ತಿ ನನ್ನ ಎದುರಿಗೇ ಕೂತಿದ್ದಳು. ನಾನೇ ಕೊಟ್ಟ ಹಸಿರು ಸೀರೆ ಉಟ್ಟಿದ್ದಳು. ಹುಡುಗಿ ನೀರಿನ ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತಿದ್ದಳು. ಅವಳಿಗೆ ಕೋವಿಡ್ ಬಂದಾಗ ಬಾಗಿಲಲ್ಲಿ ಗಂಜಿ ಇಟ್ಟು, ಆಚೆ ಕಡೆ ನೆಲದ ಮೇಲೆ ಕೂತು ಅವಳು ಕುಡಿದು ಮುಗಿಸುವವರೆಗೆ ಹರಟೆ ಹೊಡೆದವಳು ನಾನು. ನನ್ನ ಮಗನಿಗಿಂತ ಹೆಚ್ಚು ಅವಳನ್ನೇ ಬೈದಿದ್ದೇನೆ. ಬೈಯುವುದಕ್ಕೆ ಹಕ್ಕು ಬೇಡವೇ?

"ನೋ," ಅಂದೆ.

ಆರ್ ಯು ಶೂರ್ ಅಂತ ಕೇಳಿದರು.

"ನೋ, ದೇ ಆರ್ ನಾಟ್ ಮೈ ಫ್ಯಾಮಿಲಿ." ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ಮುಚ್ಚಳ ತಿರುಗುವುದು ನಿಂತಿತು. ಹುಡುಗಿ ತಲೆ ಎತ್ತಿ ನನ್ನನ್ನು ನೋಡಿದಳು. ಅವಳಿಗೆ ಎಲ್ಲ ಗೊತ್ತಿತ್ತು, ಯಾಕೆ ಹೇಳುತ್ತಿದ್ದೇನೆ ಅಂತ ಗೊತ್ತಿತ್ತು, ಮನೆಯಲ್ಲಿ ಅಭ್ಯಾಸವನ್ನೂ ಕೇಳಿಸಿಕೊಂಡಿದ್ದಳು. ಆದರೂ ನೋಡಿದಳು.

ವಾಪಸು ಬರುವಾಗ ದಾರಿಯ ರೆಸ್ಟ್ ಏರಿಯಾದಲ್ಲಿ ಎರಡೂ ಕಾರು ಪಕ್ಕಪಕ್ಕ ನಿಲ್ಲಿಸಿ ಡಬ್ಬಿ ಬಿಚ್ಚಿದೆವು. ಚಿತ್ರಾನ್ನ, ಮೊಸರನ್ನ, ಶೇಂಗಾ ಚಟ್ನಿಪುಡಿ. ಓರಗಿತ್ತಿ ಮೊದಲ ತಟ್ಟೆ ನನಗೇ ಹಾಕಿದಳು. "ಉಣ್ರಿ ಅಕ್ಕಾರ, ಮುಂಜಾನಿಯಿಂದ ಏನೂ ತಿಂದಿಲ್ಲ ನೀವು." ನಾನು ಅಳಲಿಲ್ಲ. ಅನ್ನ ಕಲಸುತ್ತ ಕೂತೆ, ಅಷ್ಟೇ. ಅತ್ತಿದ್ದರೆ ಒಳ್ಳೆಯದಿತ್ತು ಅಂತ ಈಗ ಅನ್ನಿಸುತ್ತದೆ. ಅವಳೂ ಅಳುತ್ತಿದ್ದಳು, ಇಬ್ಬರ ಮನಸ್ಸೂ ಹಗುರವಾಗುತ್ತಿತ್ತು.

ನಾವು ಗೆದ್ದೆವು. ಫೋನಿನಲ್ಲಿ ವಕೀಲೆ ಕೂಗಿದ ಕೂಗು ಅಡುಗೆಮನೆಗೆಲ್ಲ ಕೇಳಿಸಿತು. ಒಂದೇ ಸೂರು, ಎರಡು ಕುಟುಂಬ ಅಂತ ತೀರ್ಪು. ಹುಡುಗಿ ಅಮ್ಮನನ್ನು ತಬ್ಬಿಕೊಂಡು ಕುಣಿದಳು. ಆಮೇಲೆ ನನ್ನ ಹತ್ತಿರ ಬಂದು, "ಥ್ಯಾಂಕ್ ಯು ಸೋ ಮಚ್, ದೊಡ್ಡಮ್ಮ," ಅಂದಳು. ನಮ್ಮವರು ಮೈಸೂರ್‌ಪಾಕ್ ತಂದರು. ಪ್ರತಿ ವರ್ಷ ಟ್ರಸ್ಟಿನವರು ಮತ್ತೆ ಪರಿಶೀಲಿಸುತ್ತಾರೆ, ಪರಿಸ್ಥಿತಿ ಹೀಗೇ ಇರಬೇಕು ಅಂತ ಒಂದು ಮಾತೂ ತೀರ್ಪಿನಲ್ಲಿತ್ತು. ಆ ಖುಷಿಯಲ್ಲಿ ಅದನ್ನು ಯಾರು ಗಮನಿಸುತ್ತಾರೆ?

ಒಬ್ಬಳು ಗಮನಿಸಿದ್ದಳು.

ಆಗಸ್ಟ್ ಕೊನೆಗೆ ಹುಡುಗಿಯನ್ನು ಹಾಸ್ಟೆಲಿಗೆ ಬಿಟ್ಟು ಬಂದ ಮಾರನೆ ವಾರ ನಾನು ಅಂಗಡಿಯಿಂದ ಮನೆಗೆ ಬಂದರೆ ಬೇಸ್‌ಮೆಂಟಿನಿಂದ ಟಪಟಪ ಸದ್ದು. ಇಳಿದು ಹೋಗಿ ನೋಡಿದೆ. ಹಳೇ ಮೇಜಿನ ಮೇಲೆ ಒಂದು ಕರೆಂಟ್ ಒಲೆ, ಪಕ್ಕದಲ್ಲಿ ಅವಳ ಕಬ್ಬಿಣದ ಹಂಚು, ಹಿಟ್ಟಿನ ಡಬ್ಬ. ಓರಗಿತ್ತಿ ನಿಂತು ರೊಟ್ಟಿ ಬಡಿಯುತ್ತಿದ್ದಳು. ಎರಡೇ ರೊಟ್ಟಿ.

"ಏನೇ ಇದು ಹೊಸ ನಾಟಕ?" ಅಂದೆ.

"ನಾಟಕ ಅಲ್ರಿ." ಕೈ ಒರೆಸಿಕೊಂಡಳು. "ಮುಂದಿನ ವರ್ಷ ಅವರು ಬಂದ್ರ ನೋಡಬೇಕಲ್ಲ. ಬಾಡಿಗಿನೂ ಕೊಡತೇನಿ ನಾ ಇನ್ನ. ಈ ಸಲ ತಗೋಬೇಕ್ರಿ ನೀವು."

ನನಗೆ ರೇಗಿಹೋಯಿತು. "ಅವರು ಬರೋ ದಿನ ಒಲೆ ಇಟ್ಟುಕೊಂಡ್ರಾಯ್ತು. ಈಗ ನಡಿ ಮೇಲೆ. ಸಾರು ಮಾಡಿದೀನಿ."

ಅವಳು ಕದಲಲಿಲ್ಲ. "ಅಕ್ಕಾರ, ನೀವು ಆಣಿ ಮಾಡಿ ಹೇಳೀರಿ. ಅದು ಖರೇನ ಆಗಬೇಕ್ರಿ. ನನ್ನ ಮಗಳ ಸಲುವಾಗಿ ನಮ್ಮಕ್ಕ ಸುಳ್ಳು ಹೇಳಿದ್ಲು ಅಂತ ಆಗಬಾರದು."

ನಿನಗೆ ಬೇಜಾರಾಗಿದೆಯೇನೇ ಅಂತ ಕೇಳಬೇಕಿತ್ತು. ಕೇಳಿದರೆ ಇಲ್ಲ ಅನ್ನುತ್ತಾಳೆ ಅಂತ ಗೊತ್ತಿತ್ತು. ಆ ಇಲ್ಲ ಅನ್ನುವುದನ್ನು ನನ್ನಿಂದ ಕೇಳಲು ಆಗುತ್ತಿರಲಿಲ್ಲ. ಮೇಲೆ ಬಂದೆ. ನಮ್ಮವರು ತಟ್ಟೆಯ ಮುಂದೆ ಕೂತಿದ್ದರು. ಕೆಳಗಿನ ಟಪಟಪ ಅವರಿಗೂ ಕೇಳಿಸುತ್ತಿತ್ತು. ರೊಟ್ಟಿ ಎಲ್ಲಿ ಅಂತ ಅವರು ಕೇಳಲಿಲ್ಲ. ಸಾರಿಗೆ ನಾನು ಎಷ್ಟು ಬೇಕಾದರೂ ಬೆಲ್ಲ ಹಾಕಬಹುದಾಗಿತ್ತು ಈಗ. ಹಾಕಲಿಲ್ಲ.

ಅವಳು ತಿಂಗಳಿಗೊಮ್ಮೆ ಚೆಕ್ ಕೊಟ್ಟಳು, ನಾನು ತೆಗೆದುಕೊಂಡೆ. ತೆಗೆದುಕೊಳ್ಳಲೇಬೇಕಿತ್ತು, ಬ್ಯಾಂಕಿನಲ್ಲಿ ಕಾಣಬೇಕಿತ್ತು. ಚಳಿಗಾಲ ಕಳೆದ ಮೇಲೆ ಒಂದು ದಿನ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಡೇಕೇರ್ ಕೆಲಸ ಸಿಕ್ಕಿದೆ ಅಂದಳು. ಚಿಕ್ಕ ಅಪಾರ್ಟ್‌ಮೆಂಟ್, ಮಗಳಿಗೂ ಹತ್ತಿರ, ವಾರದ ಕೊನೆಗೆ ಬಂದುಹೋಗಬಹುದು. ಎಲ್ಲ ಸರಿಯಾದ ಕಾರಣಗಳೇ. ತಡೆಯಲು ನನ್ನ ಹತ್ತಿರ ಒಂದೇ ಕಾರಣ ಇತ್ತು. ಅದನ್ನು ನಾನು ಜಡ್ಜ್ ಮುಂದೆ ಇಲ್ಲ ಅಂದು ಬಂದಿದ್ದೆ. ನಮ್ಮವರು ಮತ್ತೆ ಬಾಡಿಗೆ ಟ್ರಕ್ ತಂದರು. ನಾಲ್ಕು ವರ್ಷದ ಹಿಂದೆ ಇಳಿಸಿದ್ದ ಅದೇ ಪೆಟ್ಟಿಗೆಗಳನ್ನು, ಕೆಲವಕ್ಕೆ ಹಳೇ ಟೇಪೇ ಇತ್ತು, ಒಂದೊಂದಾಗಿ ಹೇರಿದರು.

ಜಗಳವೇನೂ ಇಲ್ಲ. ಫೋನ್ ಮಾಡುತ್ತಾಳೆ. ನಮ್ಮವರಿಗೆ ಕೆಲಸ ಸಿಕ್ಕಿತು ಅಂದಾಗ ನನಗಿಂತ ಹೆಚ್ಚು ಖುಷಿಪಟ್ಟವಳು ಅವಳೇ. ಯುಗಾದಿ ದಿನ ಹೋಳಿಗೆ ಹದ ಕೇಳಿದಳು. ಅವಳಿಗೆ ಗೊತ್ತಿಲ್ಲದ ಹದವೇ?

ಈ ದೀಪಾವಳಿಗೆ ಬನ್ನಿ ಬನ್ನಿ ಅಂತ ಪೀಡಿಸಿ ಕರೆಸಿದೆ. ಹುಡುಗಿ ಈಗ ಮೂರನೇ ವರ್ಷ. ಅಪ್ಪ ತೋರಿಸಿದ ಜಾಗದಲ್ಲೇ ಓದುತ್ತಿದ್ದಾಳೆ, ಚೆನ್ನಾಗಿ ಓದುತ್ತಿದ್ದಾಳೆ. ಆ ಒಂದು ವಿಷಯದಲ್ಲಿ ನನಗೆ ಯಾವ ಪಶ್ಚಾತ್ತಾಪವೂ ಇಲ್ಲ. ನಾಳೆ ಮತ್ತೆ ಕೂರಿಸಿ ಕೇಳಿದರೂ ಅದನ್ನೇ ಹೇಳುತ್ತೇನೆ. ಹೈವೇ ಬಿಟ್ಟು ಊರೊಳಗೆ ತಿರುಗಿದೆವು ಅಂತ ಮೆಸೇಜ್ ಬಂದ ಕೂಡಲೇ ಒಳಗಿನಿಂದ ಗುಂಡಿ ಒತ್ತಿ ಗರಾಜ್ ಬಾಗಿಲು ಎತ್ತಿಸಿದೆ. ಅವಳ ಕಾರಿಗೆ ಜಾಗವಾಗಲಿ ಅಂತ ನಮ್ಮವರು ತಮ್ಮ ಕಾರನ್ನು ಮೊದಲೇ ರಸ್ತೆಗೆ ತೆಗೆದಿಟ್ಟಿದ್ದರು. ಚಪ್ಪಲಿಗಳನ್ನೆಲ್ಲ ಒತ್ತರಿಸಿ ಅಲ್ಲೇ ಬಾಗಿಲಲ್ಲಿ ನಿಂತೆ.

ಕಾರು ಬಂತು. ರಸ್ತೆಯಲ್ಲೇ, ನಮ್ಮವರ ಕಾರಿನ ಹಿಂದೆ ನಿಂತಿತು. ತಾಯಿ ಮಗಳು ಇಳಿದರು. ಓರಗಿತ್ತಿ ಕೈಯಲ್ಲಿ ಹಣ್ಣು, ಸಿಹಿಯ ಡಬ್ಬ. ನಾನು ಕೈಬೀಸಿದೆ. ಗರಾಜಿನ ಒಳಗೆ ಕತ್ತಲೆ, ಅವರಿಗೆ ಕಾಣಿಸಲಿಲ್ಲವೇನೋ. ಡ್ರೈವ್‌ವೇ ಹತ್ತಿ, ತೆರೆದ ಗರಾಜಿನ ಮುಂದೆಯೇ ಹಾದು, ಹುಲ್ಲಿನ ಪಕ್ಕದ ಕಾಲುದಾರಿ ಹಿಡಿದು ಮುಂಬಾಗಿಲಿಗೆ ಹೋದರು. ಬೆಲ್ ಆಯಿತು.

ನಾನು ಅಡುಗೆಮನೆ, ಹಾಲು ದಾಟಿ ಓಡಿಹೋಗಿ ಬಾಗಿಲು ತೆಗೆದೆ. "ಇದ್ಯಾಕ್ರೇ ಇಲ್ಲಿ ನಿಂತಿದೀರಾ? ಗರಾಜ್ ತೆಗೆದಿಟ್ಟಿರಲಿಲ್ವಾ? ಕೋಡ್ ಮರೆತೋಯ್ತಾ?"

ಓರಗಿತ್ತಿ ನಕ್ಕು ಡಬ್ಬ ನನ್ನ ಕೈಗಿತ್ತಳು. ಹುಡುಗಿ ಬಗ್ಗಿ ಶೂ ಬಿಚ್ಚಿ ಗೋಡೆಯ ಪಕ್ಕ ನೀಟಾಗಿ ಜೋಡಿಸುತ್ತಿದ್ದಳು.

"ಐ ಫಿಗರ್ಡ್ ಯು ಮಸ್ಟ್ ಹ್ಯಾವ್ ಚೇಂಜ್ಡ್ ಇಟ್," ಅಂದಳು. ಕೊಂಕಿರಲಿಲ್ಲ ಆ ಮಾತಿನಲ್ಲಿ. ಕೋಡ್ ಬದಲಾಯಿಸಿರುತ್ತೇವೆ ಅಂತ ನಿಜವಾಗಿ ಅಂದುಕೊಂಡು ಹೇಳಿದ ಮಾತು.

"ನಿನ್ನ ಹುಟ್ಟಿದ ದಿನಾನೇ ಇದೆ ಕಣೇ ಇನ್ನೂ," ಅಂದೆ. ಜೋರಾಗಿಯೇ ಅಂದೆ. ಅಷ್ಟು ಹೊತ್ತಿಗೆ ನಮ್ಮವರು ಬಂದು ಅವಳ ಕೈಯಿಂದ ಬ್ಯಾಗು ತೆಗೆದುಕೊಂಡರು, ಪ್ರಯಾಣ ಹೇಗಿತ್ತು, ದಾರಿಯಲ್ಲಿ ಟ್ರಾಫಿಕ್ ಇತ್ತಾ ಅಂತ ವಿಚಾರಿಸುತ್ತ ಅವರಿಬ್ಬರನ್ನೂ ಸೋಫಾದ ಮೇಲೆ ಕೂರಿಸಿದರು. ನಾನು ನೀರು ತಂದುಕೊಟ್ಟೆ.